ಎರಡು ಕಡೆಯಿಂದಲೂ ನೋಡುತ್ತಿದ್ದ ಲ್ಯಾಬಕ್ಕ

ಲ್ಯಾಬಕ್ಕನ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಬಣ್ಣ ಹಾಕುವಾಗ ಅಂಟಿಕೊಂಡದ್ದು, ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. "ಏನಕ್ಕ, ನಿಮಗೆ ವರ್ಷಪೂರ್ತಿ ಎಲೆಕ್ಷನ್ನಾ?" ಎಂದು ಮಾವಿನ ಮಂಡಿಯವರು ರೇಗಿಸಿದರೆ, "ಹೂಂ, ಬೆರಳು ಕೊಡಿ, ನಿಮ್ಮ ವೋಟೂ ಹಾಕಿಸ್ತೀನಿ" ಎಂದು ಮಾತು ಮುಗಿಯುವಷ್ಟರಲ್ಲಿ ಸೂಜಿ ಚುಚ್ಚಿರುತ್ತಿದ್ದರು.

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯೊಂದರ ಹಿಂದಿನ ಕೋಣೆಯೇ ಅವರ ಲ್ಯಾಬು. ಒಂದು ಮೈಕ್ರೋಸ್ಕೋಪು, ಅದಕ್ಕೆ ಅವರೇ ಹೆಣೆದ ಬಿಳಿ ಹೊದಿಕೆ, ಬಂದವರಿಗೊಂದು ಬೆಂಚು. ಮಾವಿನ ಕಾಲದಲ್ಲಿ ಆ ಬೆಂಚಿನ ಮೇಲೆ ಕೂತರೆ ಬೇರೆ ಮನರಂಜನೆ ಬೇಕಿರಲಿಲ್ಲ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಹೇಳಿ ಕಳಿಸಿದ್ದರೂ, ಬಂದವರ ಮೀಸೆಯ ತುದಿಯಲ್ಲಿ ಮಾವಿನ ರಸ.

"ಏನೂ ತಿಂದಿಲ್ಲಕ್ಕ. ಒಂದೇ ಒಂದು ಬೇನಿಷಾ."

"ಬೇನಿಷಾ ಮಾವಿನಹಣ್ಣಲ್ಲದೆ ಗಾಳೀನಾ? ಎದ್ದೇಳಿ, ನಾಳೆ ಬನ್ನಿ!"

ಎಂಥ ದೊಡ್ಡ ತೋಟದ ಯಜಮಾನರಾದರೂ ಬಾಲ ಮುದುರಿಕೊಂಡು ಎದ್ದು ಹೋಗಬೇಕಾಗುತ್ತಿತ್ತು. ಆಮೇಲೆ ಎಲ್ಲರಿಗೂ ಅದೇ ಪ್ರಶ್ನೆ ರೂಢಿಯಾಯಿತು. ಯಾವ ಕಾಲದಲ್ಲಿ, ಯಾವ ಪರೀಕ್ಷೆಗೆ ಹೋದರೂ ಲ್ಯಾಬಕ್ಕ ಮೊದಲು ಕೇಳುತ್ತಿದ್ದುದು, "ಬೇನಿಷಾ ತಿಂದ್ಯಾ?"

ನಾನು ಆ ಬೆಂಚಿನ ಖಾಯಂ ಗಿರಾಕಿ. ಚಿಕ್ಕಂದಿನಿಂದ ಮೂಗು ಬಿಟ್ಟರೆ ಕಿವಿ, ಕಿವಿ ಬಿಟ್ಟರೆ ಎದೆ, ಒಂದಲ್ಲ ಒಂದು ಸೋಂಕು. "ಇವಳ ಅರ್ಧ ರಕ್ತ ನಿಮ್ಮ ಹತ್ರಾನೇ ಇದೆಯಲ್ಲಮ್ಮ" ಎಂದು ಅಮ್ಮ ಪೇಚಾಡಿಕೊಂಡರೆ, ಲ್ಯಾಬಕ್ಕ ನನ್ನ ಕೆನ್ನೆ ಹಿಂಡಿ, "ಈ ಪಿಲ್ಲಾ ಬರ್ಲಿಲ್ಲಾಂದ್ರೆ ನಂಗೆ ಹೊತ್ತೇ ಹೋಗಲ್ಲ" ಎನ್ನುತ್ತಿದ್ದರು. ಪಿಲ್ಲಾ ಎಂದರೆ ತೆಲುಗಿನಲ್ಲಿ ಹುಡುಗಿ. ನಾನು ಇಪ್ಪತ್ತೈದು ದಾಟಿದ ಮೇಲೂ ಅವರಿಗೆ ಪಿಲ್ಲಾನೇ.

ಕೆಲಸದಲ್ಲಿ ಅವರಿಗೆ ಎರಡು ಹಠಗಳಿದ್ದವು. ಮೊದಲನೆಯದು, ಮೈಕ್ರೋಸ್ಕೋಪಿನಲ್ಲಿ ಮಲೇರಿಯಾ ಕ್ರಿಮಿ ಸಿಗದಿದ್ದರೆ "ಇಲ್ಲ" ಎಂದು ಬರೆಯುತ್ತಿರಲಿಲ್ಲ, "ಕಂಡುಬರಲಿಲ್ಲ" ಎಂದೇ ಬರೆಯುತ್ತಿದ್ದರು. "ಇಲ್ಲ ಅನ್ನೋಕೆ ನಾನ್ಯಾರೇ? ನನ್ನ ಕಣ್ಣಿಗೆ ಕಾಣ್ಲಿಲ್ಲ, ಅಷ್ಟೆ." ಎರಡನೆಯದು ರಕ್ತದ ಗುಂಪಿನ ವಿಷಯ. ಗುಂಪು ನೋಡಲು ಎರಡು ದಾರಿಗಳಿವೆ. ರಕ್ತದ ಕಣಗಳನ್ನು ಪರೀಕ್ಷಿಸುವುದು ಒಂದು. ರಕ್ತದ ಮೇಲಿನ ತಿಳಿಯನ್ನು ತೆಗೆದು, ಅದರಲ್ಲಿರುವ, ಸೋಂಕಿನೊಡನೆ ಕಾದಾಡುವ ಪ್ರತಿಕಾಯಗಳು ಬೇರೆ ಗುಂಪಿನ ಕಣಗಳನ್ನು ಗಂಟು ಕಟ್ಟಿಸುತ್ತವೆಯೇ ಎಂದು ನೋಡುವುದು ಇನ್ನೊಂದು. ಕಾಲೇಜಿನ ಗುರುತಿನ ಚೀಟಿಗೆ ಮೊದಲನೆಯದೇ ಧಾರಾಳ ಸಾಕು. ಲ್ಯಾಬಕ್ಕ ಮಾತ್ರ ಎರಡನ್ನೂ ಮಾಡಿಯೇ ತೀರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪಿಯುಸಿ ಸೇರಿದಾಗ ಅಂಥದೊಂದು ಚೀಟಿಗಾಗಿ ಹೋದೆ. ಕಣ ನೋಡಿದರೆ ಓ ಗುಂಪು. ಓ ಗುಂಪಿನವರ ತಿಳಿ ಎ, ಬಿ ಎರಡೂ ಕಣಗಳನ್ನು ಗಂಟು ಕಟ್ಟಿಸಬೇಕು. ನನ್ನದು ನೀರಿನ ಹಾಗೆ ಸುಮ್ಮನಿತ್ತು. ಇನ್ನೊಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು. ತಮ್ಮ ಔಷಧಿಯೇ ಕೆಟ್ಟಿರಬಹುದೆಂದು ತಮ್ಮ ಬೆರಳನ್ನೇ ಚುಚ್ಚಿಕೊಂಡು ನೋಡಿದರು. ಅವರದು ಸರಿಯಾಗಿಯೇ ಬಂತು. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿದಂತೆಯೇ ಉಳಿಯಿತು.

"ತಪ್ಪು ನಂದಲ್ಲ ಪಿಲ್ಲಾ, ನಿನ್ನ ರಕ್ತದ್ದು. ಅಮ್ಮನ್ನ ಕರ್ಕೊಂಡು ಬೆಂಗಳೂರಲ್ಲಿ ತೋರಿಸ್ಕೊಂಡು ಬಾ."

ಮನೆಯಲ್ಲಿ ಹೇಳಿದರೆ ಅಮ್ಮ ನಕ್ಕುಬಿಟ್ಟರು. ಕಾಲೇಜು ಚೀಟಿಗೆ ಯಾರಾದರೂ ಬೆಂಗಳೂರಿಗೆ ಹೋಗುತ್ತಾರೆಯೇ? ಚೀಟಿಯಲ್ಲಿ ಓ ಎಂದು ಬರೆಸಿಕೊಂಡು ನಾನು ಕಾಲೇಜಿಗೆ ಓಡಿದೆ. ಲ್ಯಾಬಕ್ಕ ತಮ್ಮ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು: "ಪ್ರತಿಕಾಯ ಕಂಡುಬರಲಿಲ್ಲ. ಮೂರು ಸಲ."

ಏಳೆಂಟು ವರ್ಷ ಕಳೆಯಿತು. ನಾನು ಮುಳಬಾಗಿಲಿನಲ್ಲಿ ಹೈಸ್ಕೂಲು ಮೇಡಂ ಆಗಿದ್ದೆ. ಒಂದು ಬೇಸಿಗೆಯಲ್ಲಿ ಕಣ್ಣು ಹಳದಿಯಾಯಿತು. ನಮ್ಮ ಕಡೆ ಕಣ್ಣು ಹಳದಿಯಾದರೆ ಡಾಕ್ಟರಿಗಿಂತ ಮೊದಲು ನಾಟಿ ಔಷಧಿ. ಭಾನುವಾರ ಬೆಳಿಗ್ಗೆ ಸೊಪ್ಪಿನ ರಸ, ಆಮೇಲೆ ಉಪ್ಪಿಲ್ಲದ, ಎಣ್ಣೆಯಿಲ್ಲದ ಪಥ್ಯ. ಮೂರು ಭಾನುವಾರ ಕುಡಿದೆ. ನಾಲಿಗೆ ಸತ್ತಿತೇ ಹೊರತು ಕಣ್ಣು ಬೆಳ್ಳಗಾಗಲಿಲ್ಲ. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ವೈರಸ್ಸು ಯಾವುದೂ ಸಿಗಲಿಲ್ಲ. ಮೈಯೇ ತನ್ನ ಲಿವರನ್ನು ಪರಕೀಯವೆಂದು ತಿಳಿದು ಹೊಡೆಯುವ ಒಂದು ಕಾಯಿಲೆಯಿದೆಯಂತೆ, ಅದರ ಗುರುತುಗಳು ರಕ್ತದಲ್ಲಿವೆಯೇ ಎಂದು ಪರೀಕ್ಷಿಸಿದರು. ಒಂದೂ ಇರಲಿಲ್ಲ. "ಆ ಕಾಯಿಲೆ ಅಲ್ಲ, ಆರು ತಿಂಗಳು ಕಾದು ನೋಡೋಣ" ಎಂದರು ಡಾಕ್ಟರು.

ಅಮ್ಮ ಖುಷಿಯಿಂದ ರವೆ ಉಂಡೆ ಕಟ್ಟಿ, ಮೊದಲು ಲ್ಯಾಬಕ್ಕನಿಗೇ ಕೊಡಲು ನನ್ನನ್ನೂ ಕರೆದುಕೊಂಡು ಹೋದರು. ಲ್ಯಾಬಕ್ಕ ರಿಪೋರ್ಟು ಓದಿದರು. ಉಂಡೆ ಮುಟ್ಟಲಿಲ್ಲ. ಬೀರುವಿನ ತಳದಿಂದ ಹಳೆಯ ನೋಟ್‌ಬುಕ್ಕುಗಳನ್ನು ಎಳೆದು ಹಾಕಿ ಧೂಳಿನ ನಡುವೆ ಕೂತು ಹುಡುಕತೊಡಗಿದರು. ನನ್ನ ಕಾಲೇಜು ಚೀಟಿಯ ದಿನದ ಸಾಲು ಸಿಕ್ಕ ಮೇಲೆಯೇ ತಲೆಯೆತ್ತಿದರು.

"ಪಿಲ್ಲಾ, ಇವರು ಹುಡುಕಿರೋ ಗುರುತೂ ಒಂಥರಾ ಪ್ರತಿಕಾಯಾನೇ ಕಣೇ. ಪ್ರತಿಕಾಯ ಮಾಡೋಕೇ ಬರದ ಮೈಯಲ್ಲಿ ಅದೆಲ್ಲಿ ಸಿಗತ್ತೆ? ಲಿವರನ್ನ ಹೊಡೆಯೋಕೆ ರಕ್ತದ ಬಿಳಿ ಕಣಗಳೇ ಸಾಕು, ಅದಕ್ಕೇ ಕಾಯಿಲೆ ಇದ್ರೂ ಗುರುತು ಸಿಗಲ್ಲ!"

"ಹಂಗಾದ್ರೆ ಕಾಯಿಲೆ ಇದೆ ಅಂತೀರಾ?" ಅಮ್ಮ ಉಂಡೆಯ ಡಬ್ಬಿ ಕೆಳಗಿಟ್ಟರು.

"ಇದೆ ಅಂತಾನೂ ಅನ್ನಲ್ಲ, ಇಲ್ಲ ಅಂತಾನೂ ಅನ್ನಲ್ಲ. ಆದ್ರೆ ಆರು ತಿಂಗಳು ಕಾಯೋದು ಬೇಡಮ್ಮ. ಇದ್ರೆ ಅಷ್ಟರಲ್ಲಿ ಲಿವರ್ ಕಲ್ಲಾಗ್ಬಿಡತ್ತೆ."

ಮರುದಿನ ಲ್ಯಾಬಿಗೆ ಬೀಗ ಹಾಕಿ ನಮ್ಮ ಜೊತೆ ಬಸ್ಸು ಹತ್ತಿದರು. ಮಾವಿನ ಕಾಲದಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಊರು ಅವತ್ತೇ ಮೊದಲು ನೋಡಿದ್ದು. ದಾರಿಯುದ್ದಕ್ಕೂ ನೋಟ್‌ಬುಕ್ಕನ್ನು ಮಡಿಲಲ್ಲಿ ಮಗುವಿನ ಹಾಗೆ ಹಿಡಿದುಕೊಂಡು, "ಅವತ್ತೇ ನಿನ್ನ ಜುಟ್ಟು ಹಿಡ್ಕೊಂಡು ಎಳ್ಕೊಂಡು ಬರ್ಬೇಕಿತ್ತು ನಾನು" ಎಂದು ತಮ್ಮನ್ನೇ ಬೈದುಕೊಂಡರು. ಕೋಲಾರ ದಾಟುವಾಗ ಅವರ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ಭಯವಾದದ್ದು ಆಗಲೇ.

ಡಾಕ್ಟರು ಮೊದಲು ಗಡಿಯಾರ ನೋಡಿದರು. ಆಮೇಲೆ ನೇರಳೆ ಹೆಬ್ಬೆರಳು ತೋರಿಸಿದ ಸಾಲನ್ನು ಓದಿದರು. ಮತ್ತೆ ಓದಿದರು.

"ಇದನ್ನ ಯಾರು ಮಾಡಿದ್ದು?"

"ನಾನೇ ಸಾರ್. ಮೂರು ಸಲ."

ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು. "ಇದು ನನಗೆ ಹೊಳೀಲೇ ಇಲ್ಲಮ್ಮ" ಎಂದರು. ಆ ಮಾತಿಗೆ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. ಪ್ರತಿಕಾಯಗಳನ್ನು ಅಳೆದರೆ ಹೆಸರಿಗಷ್ಟೇ ಇದ್ದವು. ಅದು ಹುಟ್ಟಿನಿಂದಲೇ ಬಂದ ಕೊರತೆಯಂತೆ. ಚಿಕ್ಕಂದಿನ ಸೋಂಕುಗಳಿಗೆಲ್ಲ ಅದೇ ಮೂಲ. ಸೂಜಿ ಹಾಕಿ ಲಿವರಿನ ಒಂದು ಎಳೆ ತೆಗೆದು ನೋಡಿದಾಗ, ರಕ್ತ ಹೇಳದೆ ಇದ್ದುದನ್ನು ಲಿವರೇ ಹೇಳಿತು. ಮೈ ಅದನ್ನು ಹೊಡೆಯುತ್ತಲೇ ಇತ್ತು. ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಕಣ್ಣು ತಿಳಿಯಾಯಿತು, ಕೆನ್ನೆ ಪೂರಿಯ ಹಾಗೆ ಉಬ್ಬಿತು. ಲ್ಯಾಬಕ್ಕ ಎರಡೂ ಕೈಯಿಂದ ಕೆನ್ನೆ ಹಿಂಡಿ, "ಈಗ ಹಿಂಡೋಕೆ ಏನೋ ಸಿಗ್ತು ನೋಡು" ಎಂದರು. ಅಮ್ಮ ಮತ್ತೆ ಉಂಡೆ ಕಟ್ಟಿದರು. ಲ್ಯಾಬಕ್ಕ ನಾಲ್ಕು ತಿಂದರು.

ಐದಾರು ವರ್ಷದ ಮೇಲೆ, ಒಂದು ಬೆಳಿಗ್ಗೆ ಎದೆನೋವೆಂದು ಕೂತ ಲ್ಯಾಬಕ್ಕ ಮತ್ತೆ ಏಳಲಿಲ್ಲ. ನಾನು ಹೋದಾಗ ಸ್ನಾನ ಮಾಡಿಸಿ ಮಲಗಿಸಿದ್ದರು. ಹೆಬ್ಬೆರಳಿನ ಬಣ್ಣ ಆ ಸ್ನಾನಕ್ಕೂ ಹೋಗಿರಲಿಲ್ಲ. ಆ ಬೆರಳನ್ನು ಹಿಡಿದುಕೊಂಡು ಬಹಳ ಹೊತ್ತು ಅತ್ತೆ.

ಮುಂದಿನ ಮಾವಿನ ಕಾಲದಲ್ಲಿ, ಲಿವರಿನ ಜೊತೆಗೆ ಸಕ್ಕರೆಯನ್ನೂ ನೋಡಿಸಲು ಬೇರೊಂದು ಲ್ಯಾಬಿಗೆ ಹೋದೆ. ಮಾತ್ರೆಯಿಂದ ಸಕ್ಕರೆ ಏರಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಹಿಂದಿನ ಸಂಜೆಯೇ ಮನೆಗೆ ಒಂದು ಬುಟ್ಟಿ ಹಣ್ಣು ಬಂದಿತ್ತು, ನಾನು ಮುಟ್ಟಿರಲಿಲ್ಲ. ಅಲ್ಲಿನ ಹುಡುಗಿ ಚುರುಕಾಗಿ ತೋಳಿಗೆ ಪಟ್ಟಿ ಕಟ್ಟಿ ಸೂಜಿ ತೆಗೆದಳು. ನನ್ನ ಬಾಯಿ ತಾನಾಗಿಯೇ ಹೇಳಿತು:

"ಬೇನಿಷಾ ತಿಂದಿಲ್ಲಕ್ಕ."

ಹುಡುಗಿ ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. "ನಾನು ಕೇಳ್ಲೇ ಇಲ್ವಲ್ಲ ಮೇಡಂ?"