ನಮ್ಮನಿಯವರ ಹಾಡು ಮತ್ತ ಬೀಗರ ಪರಾತ

ಬನಹಟ್ಟಿ ಮಂದಿ ಫೋನಿನ್ಯಾಗ ಮಾತಾಡೋದನ್ನ ನೀವು ಯಾವಾಗರೆ ಕೇಳೀರೇನು? ಆ ಕಡಿ ಇದ್ದವರು ಮುಧೋಳದಾಗಿದ್ರ ಅವರಿಗೆ ಫೋನೇ ಬ್ಯಾಡಾಗಿತ್ತು, ಹಂಗ ಕಿಟಕಿ ತಗದು ನಿಂತ್ರೂ ಕೇಳತಿತ್ತು ಅನಸ್ತೈತಿ. ನಾವೇನು ಸಿಟ್ಟಿನ ಮಂದಿ ಅಲ್ಲರಿ. ಮನಿಯೊಳಗ ಮಗ್ಗ ಅದಾವ, ಅಷ್ಟ. ಪಡಸಾಲ್ಯಾಗ ನಾಕು ಪಾವರಲೂಮ್ ಖಟಾ ಖಟಾ ಅನ್ನಾಕತ್ತಿದ್ರ, ಅಡಗಿಮನಿಯಿಂದ "ಚಾ ಆಗೇತ್ರಿ" ಅನ್ನೋ ಮಾತನ್ನೂ ಊರಿಗೆ ಡಂಗುರ ಹೊಡದಂಗ ಹೇಳಬೇಕಾಗ್ತೈತಿ. ಪ್ರೀತಿ ಮಾತು ಹಂಗ ಒದರಿ ಹೇಳಾಕ ಬರೂದಿಲ್ಲ ನೋಡ್ರಿ, ಹಿಂಗಾಗಿ ಅದನ್ನ ಕೈಸನ್ನಿಯೊಳಗ ಮುಗಸ್ತೀವಿ. ಜಗಳಾನೂ ಅರ್ಧ ಕಣ್ಣಿಲೇ ನಡೀತೈತಿ. ಎದುರಿನವರ ಬಾಯಿ ಯಾವ ಆಕಾರಕ್ಕ ಹೋತು ಅನ್ನೂದರ ಮ್ಯಾಲೆ ಏನು ಬೈದ್ರು ಅಂತ ತಿಳಕೊಂಡು, ಸರಿಯಾದ ಉತ್ತರ ಕೊಡೋದು ನಮಗ ಸಣ್ಣಂದಿನಿಂದ ರೂಢಿ.

ನಮಗ ಸಪ್ಪಳದ ಅಂಜಿಕಿ ಇಲ್ಲ, ಸಪ್ಪಳ ಇಲ್ಲದ್ದರ ಅಂಜಿಕಿ ಐತಿ. ಬ್ಯಾರೆ ಊರಾಗ ತೊಟ್ಟಿಲ ಕೂಸು ಸಪ್ಪಳಾದ್ರ ಎದ್ದು ಅಳ್ತೈತಿ. ನಮ್ಮೂರ ಕೂಸು ಕರೆಂಟ್ ಹೋಗಿ ಮಗ್ಗ ನಿಂತ್ರ ಎದ್ದು ಅಳ್ತೈತಿ. ದೊಡ್ಡವರೂ ಕೈಯಾಗಿನ ತುತ್ತು ಬಿಟ್ಟು ಎದ್ದು ಹೊರಗ ಬಂದು, ಓಣಿಗೆ ಓಣೀನೇ "ನಿಮ್ಮಲ್ಲೂ ಹೋತೇನ್ರಿ?" ಅಂತ ಕೇಳ್ತೈತಿ.

ಇಂಥಾ ಮನಿಯೊಳಗ ನಮ್ಮನಿಯವರಿಗೆ ಸಂಗೀತದ ಹುಚ್ಚು.

ಸೋಮವಾರ ಬಂತಂದ್ರ ಅವರ ಭಜನಿ ಮ್ಯಾಳ ನಮ್ಮ ಮನಿಗೇ ಬರ್ತೈತಿ. ನಮ್ಮನಿಯವರದು ಹಾರ್ಮೋನಿಯಂ ಮತ್ತ ಹಾಡು. ತಬಲಾಕ್ಕ ಗುರಪ್ಪ, ಹಗಲೆಲ್ಲ ಅವನೂ ಮಗ್ಗದ ಮುಂದ ನಿಂತಾಂವನ. ಹಿಂದ ದನಿಗೂಡಿಸಾಕ, ತಾಳ ಹಾಕಾಕ ಓಣಿಯ ನಾಕೈದು ಮಂದಿ. ಪಡಸಾಲಿಗೆ ಹತ್ತಿದ ಕ್ವಾಣ್ಯಾಗ ಕುಂತು ತತ್ವಪದ ಹಾಡ್ತಾರ. ಮಗ್ಗ ಮಾತ್ರ ನಿಲ್ಲಂಗಿಲ್ಲ. ತತ್ವ ತತ್ವದ ಕಡಿ, ಸೀರಿ ಸೀರಿ ಕಡಿ. ನಾ ಅಲ್ಲೇ ಬಾಗಲದಾಗ ಕುಂತು, ಮಗ್ಗದ ಲಾಳಿಯೊಳಗ ಹಾಕೋ ಕಂಡಿಕಿಗೆ ನೂಲು ಸುತ್ತತಿದ್ದೆ, ನೂಲಿನ ಮ್ಯಾಲೆ ಕಣ್ಣು, ಹಾಡಿನ ಮ್ಯಾಲೆ ಕಿವಿ. ನಮ್ಮನಿಯವರು ಬಾಯಿ ತಗೀತಿದ್ರು, ಮುಚ್ಚತಿದ್ರು, ಕಣ್ಣು ಮುಚ್ಚಿ ತಲಿ ಅಲ್ಲಾಡಸ್ತಿದ್ರು, ನನಗ ಏನೂ ಕೇಳತಿರಲಿಲ್ಲ. ನಡಕ ಒಮ್ಮೆ ಒಮ್ಮಿಂದೊಮ್ಮೆಲೆ "ಆಆಆ" ಅಂತ ಬಾಗಲಾಗ ಬೆರಳು ಸಿಕ್ಕವರಂಗ ಒಂದು ದನಿ ಬರತಿತ್ತು. ಮತ್ತ ಬರೇ ಬಾಯಿ. ಇಷ್ಟೂ ವರ್ಷ ನಾ ಕೇಳಿದ್ದು ಅದೊಂದನ್ನ. ಅದನ್ನ ಕೇಳೇ ಕೇಳೇ, ನಮ್ಮನಿಯವರ ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಕಲ್ಲಿನಂಗ ಗಟ್ಟಿ ಆಗಿತ್ತು. ಯಾರರೆ "ನಿಮ್ಮನಿಯವರು ಹಾಡ್ತಾರಂತಲ್ಲ?" ಅಂದ್ರ "ಹಾಡೂದಿಲ್ಲರಿ, ಒದರ್ತಾರ" ಅಂತ ನಾ ಒದರಿ ಹೇಳತಿದ್ದೆ.

ನನಗೇನು ಸಂಗೀತದ ಕಿವಿ ಇಲ್ಲಂತ ತಿಳೀಬ್ಯಾಡ್ರಿ. ಫೋನಿನ್ಯಾಗ ನಾನೂ ಹಾಡು ಕೇಳ್ತೇನಿ. ಒಬ್ಬ ಗಾಯಕನ ದನಿ ಅಂದ್ರ ನನಗ ಜೀವಾ. ಹೆಸರು ಬ್ಯಾಡ, ಪಾಪ, ಅವನೂ ಹೊಟ್ಟಿಪಾಡಿಗೆ ಹಾಡಾಂವ. ಕಿವ್ಯಾಗ ವೈರ್ ಹಾಕ್ಕೊಂಡು ಅವನ ಹಾಡು ಕೇಳಿದ್ರ ಬೆಲ್ಲದ ಪಾಕಿನ್ಯಾಗ ಎಳಿ ಎಳದಂಗ ಆಗತಿತ್ತು. ಅಂವ ಮುಧೋಳಕ್ಕ ಬಂದಾನ ಅಂದಕೂಡ್ಲೆ ಮಗ್ಗಲಮನಿ ಅಕ್ಕಾರನ್ನ ಕಟಗೊಂಡು ಬಸ್ ಹತ್ತಿದೆ. ಅಂವ ಥಳಥಳ ಹೊಳಿಯೋ ಕೋಟು ಹಾಕ್ಕೊಂಡು ಹೊಗಿಯೊಳಗಿಂದ ಹೊರಗ ಬಂದು, ಎರಡೂ ಕೈ ಎತ್ತಿ, "ನಮಸ್ಕಾರ ಬೀಳಗಿ!" ಅಂದ. ಮುಧೋಳದಾಗ ನಿಂತು! ಹಿಂದಿಂದ ಯಾರೋ "ಬೀಳಗಿಗೆ ಇನ್ನೂ ಮುಂದ ಹೋಗಬೇಕೋ ಯಪ್ಪಾ, ಬಸ್ ಐತಿ" ಅಂದ್ರು. ಹೋಗ್ಲಿ ಬಿಡ್ರಿ, ಊರು ತಪ್ಪೂದು ಮನುಷ್ಯಾರಿಗೆ ಸಹಜ ಅಂತ ನಾ ಮಾಫ್ ಮಾಡಿದೆ. ಆಮ್ಯಾಲೆ ಹಾಡಿನ ನಟ್ಟನಡುವ ಅಂವ ಮೈಕ್ ಕೆಳಗ ಇಳಿಸಿ, ಬಾಟ್ಲಿ ಎತ್ತಿ ನೀರು ಕುಡದ. ಹಾಡು ನಡದ ಇತ್ತು. ನೀರು ಗಟಗಟ ಇಳ್ಯಾಕತ್ತೈತಿ, ಹಾಡೂ ಸರಾಗ ಹರ್ಯಾಕತ್ತೈತಿ. ಮಗ್ಗಲಮನಿ ಅಕ್ಕಾರು ನನ್ನ ಮೊಣಕೈ ತಿವಿದು, "ನೋಡವಾ, ನೀರು ಕುಡಕೋತ ಹಾಡ್ತಾನ. ಏನು ವಿದ್ಯಾ ಅಂತೀ!" ಅಂದು ಕೈ ಮುಗದ್ರು. ನನ್ನ ಎದಿ ಒಡೀತು. ಮನಿಗೆ ಬಂದು ಅವನ ಎಲ್ಲಾ ಹಾಡು ಅಳಿಸಿಹಾಕಿದೆ.

ಎದುರಿಗೆ ಕುಂತು ಕೇಳಿದ್ರ ದೊಡ್ಡವರೆಲ್ಲ ಸಣ್ಣವರಾಗ್ತಾರ, ದೂರದ ಬೆಟ್ಟ ದೂರ ಇದ್ರನ ನುಣ್ಣಗ, ಅಂತ ಅವತ್ತ ಒಂದು ಸಿದ್ಧಾಂತ ಮಾಡಿಟ್ಟೆ. ಎದುರಿಗೆ ಕೇಳಿ ಸಣ್ಣವರು ದೊಡ್ಡವರಾಗೋದೂ ಇರ್ತೈತಿ ಅನ್ನೂದು ನನ್ನ ತಲ್ಯಾಗ ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಗಿಡ ನಮ್ಮ ಮನ್ಯಾಗ ಕುಂತು ಹಾರ್ಮೋನಿಯಂ ಬಾರಿಸಾಕತ್ತಿದ್ರಂತೂ ಮುಗದ ಹೋತು.

ಹಿಂಗಿರಬೇಕಾದ್ರ ಜಮಖಂಡಿ ಬೀಗರಿಂದ ಕರೆ ಬಂತು. ನಮ್ಮ ಮಗಳು ಸುಜಾತಾನ್ನ ಅಲ್ಲಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಬೀಗರು ಹೊಸ ಮನಿ ಕಟ್ಟಿಸಿದ್ರು, ಪ್ರವೇಶದ ದಿನ ಊಟಾದ ಮ್ಯಾಲೆ ನಮ್ಮ ಬೀಗರದ ಭಜನಿ ಆಗ್ಲಿ ಅಂತ ಅವರ ಆಸೆ. ನಮ್ಮನಿಯವರು ಫೋನ್ ಇಟ್ಟು, ಇನ್ನೊಂದು ಸಲ ಮದುವಿ ಗೊತ್ತಾದವರಂಗ ಓಡ್ಯಾಡಿದ್ರು.

ಮರುದಿನ ಸುಜಾತಾ ನನಗ ಫೋನ್ ಮಾಡಿದಳು. ದನಿಯೊಳಗ ಅಳು ತುಂಬಿತ್ತು. "ಅವ್ವಾ, ಹೆಂಗರೆ ಮಾಡಿ ಅಪ್ಪಾನ ಹಾಡು ತಪ್ಪಸು. ನಮ್ಮತ್ತಿಯವರು ಸಂಗೀತದ ಪರೀಕ್ಷಾ ಪಾಸಾದವರು. ತಂಬೂರಿ ಐತಿ ಮನ್ಯಾಗ. ಅಪ್ಪ ಬಂದು ಒದರಿ ಹೋಗ್ತಾನ, ನಾ ಇಲ್ಲಿ ಬಾಳೇ ಮಾಡಬೇಕವ್ವಾ!"

ಬಾಳೇ ಮಾಡೋ ಮಗಳ ಮಾತು, ತಾಯಿ ಕರುಳು ಸುಮ್ಮನ ಇರ್ತೈತೇನ್ರಿ? ಆದ್ರ ಗುಟ್ಟಿನ ಮಾತನ್ನ ಮಗ್ಗದ ಮನಿಯೊಳಗ ಹೆಂಗ ಹೇಳೂದು? ನಮ್ಮನಿಯವರು ಆ ಕಡಿ ಮಗ್ಗದ ಮುಂದ ಬಗ್ಗಿ ಕಡದ ಎಳಿ ಜೋಡಿಸಾಕತ್ತಿದ್ರು. ಮಗ್ಗ ನಡದಾಗ ದೇವರಿಗೂ ಏನೂ ಕೇಳಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ ನಾ ಗಂಟಲ ಹರಕೊಂಡು ಒದರಿದೆ: "ನೀ ಅಂಜಬ್ಯಾಡ! ನಿಮ್ಮಪ್ಪಗ ಹಾಡಾಕ ನಾ ಬಿಡಂಗಿಲ್ಲ! ಅದೇನು ಹಾಡೇನು, ಕತ್ತೆ ಒದರಿದಂಗ..."

ಕರೆಂಟ್ ಹೋತು.

"...ಒದರ್ತಾನ!" ಅನ್ನೋ ಮಾತು ಅಷ್ಟ, ಮನಿ ತುಂಬ, ಓಣಿ ತುಂಬ ನಿಂತ ಬಿಡ್ತು. ಹೊರಗಿನಿಂದ ಗುರಪ್ಪನ ದನಿ ಬಂತು: "ಯಾರ್ರಿ ವೈನಿ, ನಾನೇನ್ರಿ?"

ನಮ್ಮನಿಯವರು ನೂಲಿನ ಎಳಿ ಬೆರಳಾಗ ಹಿಡಕೊಂಡು ನನ್ನ ಕಡಿ ನೋಡಿದ್ರು. ಬೈಯಲಿಲ್ಲ. ಬೈದಿದ್ರ ಛಲೋ ಆಗತಿತ್ತು. "ಕೇಳಿಸ್ತು" ಅಂದ್ರು. ಆ ಎಳಿ ಗಂಟ ಹಾಕಿ, "ಹಂಗಾರ ಬ್ಯಾಡ ಬಿಡು. ಬೀಗರಿಗೆ ಗಂಟಲ ಕೆಟ್ಟೈತಿ ಅಂತ ಹೇಳ್ತೇನಿ" ಅಂದ್ರು. ಆ ಮಾರಿ ನನಗ ನೋಡಾಕ ಆಗಲಿಲ್ಲ. ಹೋಗ್ಲಿ, ಹಾಡೂದ ಇದ್ರ ಸಣ್ಣಗ ಹಾಡ್ರಿ, ಜಲ್ದಿ ಮುಗಸ್ರಿ ಅಂತ ನಾನ ಬೇಡಿಕೊಂಡು ಒಪ್ಪಿಸಿದೆ.

ಒಪ್ಪಿಸಿದ್ದು ಹೆಂಡ್ತಿ. ನನ್ನೊಳಗಿನ ತಾಯಿ ಇನ್ನೂ ಎದ್ದ ಕುಂತಿದ್ಲು. ಆಕಿ ಪ್ರವೇಶದ ದಿನ ಗಾಡ್ಯಾಗ ಎಲ್ಲಾರಿಗೂ ಹುಣಸಿ ಚಿಗಳಿ ಹಂಚಿದ್ಲು, ಹುಳಿ ತಿಂದ್ರ ಗಂಟಲ ಕಟ್ಟತೈತಿ ಅನ್ನೋ ಆಸೆಗೆ. ನಮ್ಮನಿಯವರು ಎರಡು ತಿಂದು, ಕಡ್ಡಿ ನೆಕ್ಕಿ, "ಇದು ಹಾಡವರಿಗೆ ಅಮೃತ" ಅಂದ್ರು. ಮಗ್ಗದ ಮುಂದ ಬೆಳದ ಗಂಟಲಕ್ಕ ಹುಣಸಿಹಣ್ಣು ಏನು ಮಾಡೀತು ಬಿಡ್ರಿ.

ಬೀಗರ ಮನಿ ಅಂದ್ರ ಏನು ಮನಿ! ಹೊಳಿಯೋ ಫರ್ಸಿಯ ದೊಡ್ಡ ಹಾಲ್, ಇನ್ನೂ ಒಂದು ಕುರ್ಚಿ ಸೈತ ಬಂದಿಲ್ಲ. ಕೆಮ್ಮಿದ್ರ ನಾಕು ಕೆಮ್ಮು ಕೇಳ್ತಾವು. ಹೋಳಿಗಿ ಊಟಾ ಮುಗಿಸಿ ಮಂದಿ ಗ್ವಾಡಿಗೆ ಒರಗಿ ಕುಂತ್ರು. ಬೀಗತಿಯವರು ಮುಂದಿನ ಸಾಲ್ಯಾಗ, ಬೆನ್ನು ನೆಟ್ಟಗ, ಪರೀಕ್ಷಾದಾಗ ಪಾಸಾದವರು ಹೆಂಗ ಕುಂಡ್ರಬೇಕೋ ಹಂಗ ಕುಂತ್ರು. ಸುಜಾತಾ ಅಡಗಿಮನಿ ಬಾಗಲಾಗ ಸೆರಗಿನ ತುದಿ ಕಚ್ಚಿ ನಿಂತಿದ್ಲು. ನಾ ಆಕಿ ಬಾಜೂಕ, ಮಜ್ಜಿಗಿ ತುಂಬಿದ ವಾಟಗಾ ಹೊತ್ತ, ಬೀಗರ ಮನಿ ಅಗಲ ತಾಟಿನಂಥಾ ಪರಾತ ಕೈಯಾಗ.

ಮ್ಯಾಳ ಶುರು ಆತು. ನೆನಪಿಡ್ರಿ, ಇವರು ಜೀವನದಾಗ ಒಮ್ಮೆನೂ ಮಗ್ಗದ ಸಪ್ಪಳ ಇಲ್ಲದಂಗ ಹಾಡಿದವರಲ್ಲ, ಕರೆಂಟ್ ಹೋದ್ರ ಇವರೂ ಹಾಡು ಬಿಟ್ಟು ಹೊರಗ ಬರವರ. ಮಗ್ಗದ ಮ್ಯಾಲೆ ಹಾಯಿಸೋ ದನೀನ, ಆ ಖಾಲಿ ಹಾಲ್‌ನ್ಯಾಗ, ಅದರ ಮ್ಯಾಲೆ ಮೈಕ್‌ನ್ಯಾಗ ಬಿಟ್ರು. ಯಪ್ಪಾ! ಮಲಗಿದ್ದ ಕೂಸು ಕಿಟಾರನೆ ಕಿರಚಿತು. ಮಾಳಿಗಿ ಮ್ಯಾಲಿನ ಪಾರಿವಾಳ ಅಷ್ಟೂ ಒಮ್ಮೆಲೆ ಎದ್ದು ಹಾರಿ ಹೋದ್ವು. ಮುಂದಿನ ಸಾಲಿನ ಒಬ್ಬ ಅಜ್ಜಾರು ಕಿವಿಮಿಷನ್ ತಗದು ಕಿಸೆದಾಗ ಇಟಗೊಂಡು, ಇನ್ನೂ ಕೇಳಾಕತ್ತೈತಿ ಅಂತ ಗಾಬರಿ ಆದ್ರು. ಸುಜಾತಾ "ಹೋತವ್ವಾ, ನನ್ನ ಬಾಳೇ ಹೋತು" ಅಂದ್ಲು.

ಬೀಗರು ಭಾಳ ಸಂಭಾವಿತರು. ಎದ್ದು ಬಂದು ಕೈ ಮುಗದು, "ಸ್ವಲ್ಪ ಸಣ್ಣಗ ಆಗ್ಲಿರಿ, ಇಲ್ಲಿ ಎಲ್ಲಾರಿಗೂ ಕೇಳಸ್ತೈತಿ" ಅಂದು ಮೈಕ್ ಬಂದ್ ಮಾಡಿದ್ರು. ನಮ್ಮನಿಯವರು ಆಗ ಮೊದಲ ಸಲ ಸುತ್ತ ನೋಡಿದ್ರು. ಸಪ್ಪಳಾ ಇಲ್ಲ ಅನ್ನೂದು ಅವರಿಗೆ ಆವಾಗ ತಿಳೀತು ಅಂತ ಕಾಣಸ್ತೈತಿ. ದನಿ ಇಳಿಸಿ, ಮತ್ತ ಎತ್ತಗೊಂಡ್ರು.

ಆ ದನಿ ಕೇಳಿ ನಾ ಅತ್ತ ಇತ್ತ ನೋಡಿದೆ. ಯಾರಪ್ಪಾ ಇವರು ಹಾಡವರು? ಮ್ಯಾಳದಾಗ ಹೊಸಬ್ರು ಯಾರರೆ ಬಂದಾರೇನು? ಮೆತ್ತಗ, ತುಪ್ಪ ಕಾಸಿ ಇಳಿಸಿದಂಗ ದನಿ. ಪದದ ಒಂದೊಂದು ಮಾತೂ ಬಿಡಿಸಿ ಕೇಳ್ತೈತಿ. ನೋಡಿದ್ರ ಅಲ್ಲಾಡೋ ಬಾಯಿ ನಮ್ಮನಿಯವರದು! ನಾ ಇಷ್ಟು ವರ್ಷ ನೋಡ್ಕೊಂಡು ಬಂದ ಬಾಯಿ, ಅವತ್ತ ಅದಕ್ಕ ದನಿ ಬಂದಿತ್ತು. ಆ "ಆಆಆ" ಸೈತ ಬಂತು. ಅದು ಬೆರಳು ಸಿಕ್ಕ ದನಿ ಅಲ್ಲರಿ, ಕೆಳಗಿಂದ ಒಂದೊಂದ ಮೆಟ್ಟಿಲ ಹತ್ತಿಕೋತ ಬಂದು ಮಾಳಿಗಿ ಮ್ಯಾಲೆ ನಿಂತ ದನಿ. ಮೆಟ್ಟಿಲೆಲ್ಲ ಮಗ್ಗ ನುಂಗತಿತ್ತು, ನನಗ ಮಾಳಿಗಿ ಅಷ್ಟ ಕೇಳತಿತ್ತು. ನನ್ನ ಕಣ್ಣಾಗ ನೀರು ಬಂತು. ಬಂತಂದ್ರ ಬಂತು, ಏನ್ ನಾಚಿಕಿ?

ಆದ್ರ ಸುಖಾ ಅನ್ನೂದು ಭಾಳ ಹೊತ್ತು ಇರೂದಿಲ್ಲ ನೋಡ್ರಿ. ಎರಡನೇ ನುಡಿಗೆ ಬಂದಾಗ ಗುರಪ್ಪನ ಕೈ ನಿಧಾನ ಆತು. ಮತ್ತೂ ನಿಧಾನ ಆತು. ಕೆಸರಾಗ ಸಿಕ್ಕ ಗಾಡಿಯಂಗ ಭಜನಿ ಎಳೀತು, ಎಳೀತು, ನಿಂತ ಬಿಡ್ತು. ನಮ್ಮನಿಯವರು ಹಾಡೂದು ಬಿಟ್ಟು, "ಕರೆಂಟ್ ಹೋತೇನ್ರಿ?" ಅಂತ ಬೀಗರನ್ನ ಕೇಳಿದ್ರು. ಬೀಗರು ಮ್ಯಾಲೆ ಬೆರಳು ತೋರಿಸಿದ್ರು. ಫ್ಯಾನು ಗರಗರ ತಿರಗಾಕತ್ತಿತ್ತು. ಮಂದಿ ಕಿಸಕ್ಕಂತ ನಕ್ರು. ಬೀಗತಿಯವರು ಮಾತ್ರ ನಗಲಿಲ್ಲ, ಹುಬ್ಬು ಏರಿಸಿದ್ರು. ಸುಜಾತಾ ತಲಿ ತಗ್ಗಿಸಿದ್ಲು.

ಯಾರಿಗೂ ತಿಳೀದಿದ್ದು ನನಗ ತಿಳೀತು. ತಾಳ ಗುರಪ್ಪಂದಲ್ಲ, ಎಂದೂ ಅವಂದು ಆಗಿರಲಿಲ್ಲ. ತಾಳ ನಮ್ಮ ಮಗ್ಗದ್ದು. ಲಾಳಿ ಆ ಕಡಿ ಹೋಗಿ ಈ ಕಡಿ ಬರೂದರ ಮ್ಯಾಲೆ ಇವರ ಭಜನಿ ನಿಂತಿತ್ತು. ಆ ಮಗ್ಗ ಬನಹಟ್ಟಿಯೊಳಗ ಉಳದಿತ್ತು, ಇವರು ಜಮಖಂಡಿಯೊಳಗ ಸಿಕ್ಕಿದ್ರು.

ಆಮ್ಯಾಲೆ ನಾ ಏನು ಮಾಡಿದೆ ಅನ್ನೂದನ್ನ ಈಗ ನೆನಸಿಕೊಂಡ್ರೂ ಮೈ ಜುಂ ಅಂತೈತಿ. ವಾಟಗಾ ಕೆಳಗಿಟ್ಟು, ಪರಾತ ಬೋರಲ ಹಾಕಿ, ಸೌಟು ತಗೊಂಡು ಬಡದೆ. ಖಟ್ ಖಟಾ, ಖಟ್ ಖಟಾ. ಕೂತ್ರ ನಿಂತ್ರ ಮಲಗಿದ್ರ ಎದಿಯೊಳಗ ಬಡೀತಿದ್ದ ಸಪ್ಪಳ, ಕಲಿಯೋದೇನು ಬಂತು? ಗುರಪ್ಪ ಹೊಡಮರಳಿ ನೋಡಿ, "ಹಾಂ, ಬಂತ್ ನೋಡ್ರಿ!" ಅಂತ ತಬಲಾದ ಮ್ಯಾಲೆ ಬಿದ್ದ. ನಮ್ಮನಿಯವರು ನನ್ನ ಕಡಿ ಒಂದು ಸಲ ನೋಡಿ, ಕಣ್ಣು ಮುಚ್ಚಿ, ಎರಡನೇ ನುಡಿ ಎತ್ತಿದ್ರು. ಆಮ್ಯಾಲೆ ಭಜನಿ ನಿಲ್ಲಲಿಲ್ಲರಿ. ಮಂದಿ ನಗೂದು ಬಿಟ್ಟು ಚಪ್ಪಾಳಿ ಹಚ್ಚಿದ್ರು. ಕಡೀಕ ನೋಡ್ತೇನಿ, ಬೀಗತಿಯವರ ಬೆನ್ನು ನೆಟ್ಟಗ ಇಲ್ಲ, ತೊಡಿ ಮ್ಯಾಲೆ ಕೈ ಬಡಕೊಂಡು ಅಲ್ಲಾಡಾಕತ್ತಾರ.

ಮುಗದ ಮ್ಯಾಲೆ ಅವರು ನನ್ನ ಹತ್ರ ಬಂದು, "ಬೀಗರ ಗಂಟಲ ಭಾಳ ಛಲೋ ಐತ್ರಿ. ಖರೇ ಹೇಳ್ತೇನಿ, ಪರಾತ ಬಾರಸೂದನ್ನ ನಾ ಎಲ್ಲೂ ನೋಡಿರಲಿಲ್ಲ. ಯಾರ ಹತ್ರ ಕಲತ್ರಿ?" ಅಂದ್ರು. "ನಮ್ಮ ಪಡಸಾಲ್ಯಾಗ ನಾಕು ಉಸ್ತಾದರು ಅದಾರ್ರಿ" ಅಂದೆ. "ಹಂಗಾದ್ರ ಶ್ರಾವಣದಾಗ ಅವರನ್ನೂ ಕರಕೊಂಡ ಬರ್ರಿ" ಅಂದ್ರು, ಪಾಪ. ಸುಜಾತಾ ಮೂರೂರಿಗೆ ಕೇಳೋಹಂಗ ನಕ್ಕಳು. ಅತ್ತಿ ಮನಿ ಸೇರಿದ ಮ್ಯಾಲೆ ಆಕಿ ಹಂಗ ನಕ್ಕಿದ್ದನ್ನ ನಾ ನೋಡಿದ್ದು ಅದ ಮೊದಲು. ಆಕಿ ಬಾಳೇದ ಬಗ್ಗೆ ನನಗ ಅವತ್ತಿನಿಂದ ಚಿಂತಿ ಇಲ್ಲ. ಪರಾತ ಮಾತ್ರ ನಡುವ ತಗ್ಗ ಬಿದ್ದೈತಿ, ಬೀಗತಿಯವರು ಅದನ್ನ ಶೋಕೇಸಿನ್ಯಾಗ ಇಟ್ಟಾರಂತ.

ಮುಂದಿನ ಸೋಮವಾರ ಮ್ಯಾಳ ಬಂತು. ನಾ ಎದ್ದು ಹೋಗಿ ನಾಕೂ ಮಗ್ಗ ಬಂದ್ ಮಾಡಿದೆ. ಓಣಿ ಮಂದಿ ಓಡಿ ಬಂದ್ರು: "ನಿಮ್ಮಲ್ಲಷ್ಟ ಹೋತೇನ್ರಿ? ನಮ್ಮಲ್ಲಿ ಐತಲ್ಲ!" "ಹೋಗಿಲ್ಲರಿ, ಹಾಡು ಕೇಳಬೇಕಾಗೇತಿ" ಅಂದೆ. ಬುದ್ಧಿ ಹೋಗೇತಿ ಅನ್ನವರಂಗ ನನ್ನ ಮಾರಿ ನೋಡಿ ಹೋದ್ರು. ನಮ್ಮನಿಯವರು ಸಣ್ಣಗ ಎತ್ತಿಕೊಂಡ್ರು. ಛಲೋ ಹಾಡಿದ್ರು. ಎರಡನೇ ನುಡಿಗೆ ಬಂದಾಗ ಗುರಪ್ಪನ ಕೈ ಮತ್ತ ಎಳ್ಯಾಕತ್ತು. ನಮ್ಮನಿಯವರು ನನ್ನ ಕಡಿ ನೋಡಿದ್ರು, ಬಾಯಿ ಸಣ್ಣಗ ಅಲ್ಲಾಡಿತು, ದನಿ ಬರಲಿಲ್ಲ. ಆದ್ರ ನಾವು ಬನಹಟ್ಟಿಯವರು, ತಿಳೀತು. "ಒಂದು ಹಚ್ಚು" ಅಂದ್ರು.

ಹೋಗಿ ಮೂಲ್ಯಾಗಿನ ಒಂದು ಮಗ್ಗ ಹಚ್ಚಿದೆ. ಅವತ್ತಿನಿಂದ ನಮ್ಮ ಮನಿಯೊಳಗ ಸೋಮವಾರದ ಒಪ್ಪಂದ ಇದು. ಮೂರು ಮಗ್ಗ ನನ್ನ ಸಲುವಾಗಿ ಸುಮ್ಮನಿರ್ತಾವ, ಒಂದು ಅವರ ಸಲುವಾಗಿ ನಡೀತೈತಿ. ಸಂಸಾರಾನೂ ಹಿಂಗ ಇರ್ತೈತೋ ಏನೋ ಅಂತ ನಾ ವಿಚಾರ ಮಾಡಾಕತ್ತಿದ್ದೆ, ಅಷ್ಟ್ರಾಗ ಸುಜಾತಾನ ಫೋನ್ ಬಂತು. ಹಾಡು ನಡದಿತ್ತು. ನಾ ಬಾಯಿಗೆ ಕೈ ಅಡ್ಡ ಇಟಗೊಂಡು, "ನಿಮ್ಮಪ್ಪ ಹಾಡಾಕತ್ತಾರವಾ, ಆಮ್ಯಾಲೆ ಮಾಡು" ಅಂತ ಸಣ್ಣ ದನೀಲೆ ಹೇಳಿ ಇಟ್ಟೆ.

ಮರುಗಳಿಗ್ಯಾಗ ಗುರಪ್ಪನ ಫೋನ್ ಹೊಡಕೊಂತು. ಆ ಕಡಿಯಿಂದ ಸುಜಾತಾನ ದನಿ ನನಗೂ ಕೇಳಿಸ್ತು, ಗಾಬರಿಯಾಗಿ ಒದರಾಕತ್ತಿದ್ಲು: "ಕಾಕಾ, ಜಲ್ದಿ ಹೋಗಿ ನಮ್ಮವ್ವನ್ನ ನೋಡ್ರಿ! ಮಾತು ಸಣ್ಣಗಾಗೇತಿ, ಮೈಯಾಗ ಆರಾಮ ಇದ್ದಂಗಿಲ್ಲ!"