ಚಾಂಪಿಯನ್ನರಿಗೆ ನೆಲ ಹಾಸುವ ಲೂಷಸ್ ಪೀವಿ

ಬೆಳಗಿನ ಆರು ಗಂಟೆ. ಅಮೆರಿಕದ ಟೊಲೀಡೊ ನಗರದ ಹಳೆಯ ಕಾರ್ಮಿಕ ಸಭಾಂಗಣದಲ್ಲಿ ಇನ್ನೂ ಹೀಟರ್ ಹಾಕಿಲ್ಲ. ಎಪ್ಪತ್ತೊಂದರ ಲೂಷಸ್ ಪೀವಿ ಬಾಕ್ಸಿಂಗ್ ಕಣದಲ್ಲಿ ಮಂಡಿಯೂರಿದ್ದಾರೆ. ಹಲಗೆಗಳ ಮೇಲೆ ಹರಡಿದ ಸ್ಪಂಜಿನ ಹಾಸನ್ನು ಅಂಗೈಯಲ್ಲಿ ಗೇಣುಗೇಣಾಗಿ ಒತ್ತಿ ನೋಡುತ್ತಿದ್ದಾರೆ.

"ಲೂಷಸ್, ಆ ಮಂಡಿಗೆ ಒಂದಿಷ್ಟು ಎಣ್ಣೆ ಬಿಡಬಾರದೇನಪ್ಪ? ಬಾಗಿಲು ಕಿರುಗುಟ್ತು ಅಂತ ಓಡಿ ಬಂದೆ!" ಕಾಫಿ ತಂದ ಕಾವಲುಗಾರ್ತಿ ಒಡೆಸ್ಸಾ ಛೇಡಿಸುತ್ತಾರೆ.

"ಮೊದಲು ನಿನ್ನ ನಾಲಿಗೆಗೆ ಬಿಡು, ಉಳಿದ್ರೆ ಕೊಡು."

ಸಂಜೆ ಇಲ್ಲಿ ಅಮೆರಿಕನ್ ಲೈಟ್ ಹೆವಿವೇಟ್ ತೂಕವರ್ಗದ ಪಟ್ಟಕ್ಕಾಗಿ ಕಾಳಗ. ನಲವತ್ತು ವರ್ಷಗಳಲ್ಲಿ ಹದಿನೇಳು ಮಂದಿ ಆ ಪಟ್ಟದ ಬೆಲ್ಟನ್ನು ಸೊಂಟಕ್ಕೆ ಕಟ್ಟಿದ್ದಾರೆ. ಮೊದಲನೆಯವನು ಬೆಸುಗೆ ಕೆಲಸದವನು, ಐದು ಸಲ ಗೆದ್ದು, ಒಂದು ಕಣ್ಣು ಕಳೆದುಕೊಂಡ. ಒಬ್ಬ ಅಂಚೆಯವನ ಬಳಿ ಅದು ನಿಂತದ್ದು ಹತ್ತೊಂಬತ್ತೇ ವಾರ. ಗಟ್ಟಿಗರು ವಿಶ್ವಪಟ್ಟದ ಆಸೆಗೆ ಇದನ್ನು ಬಿಟ್ಟು ಹೋದರು. "ಇದು ಏಣಿಯ ನಡುಮೆಟ್ಟಿಲು. ಇಲ್ಲಿ ಯಾರೂ ನಿಲ್ಲೋದಿಲ್ಲ," ಎನ್ನುತ್ತಾರೆ ಲೂಷಸ್. ಈ ಸಭಾಂಗಣದಲ್ಲಿ ನಡೆದ ಇಪ್ಪತ್ತೆರಡು ಪಟ್ಟದ ಕಾಳಗಗಳಿಗೂ ನೆಲ ಹಾಸಿದ್ದು ಅವರೇ. ಮೂವತ್ತಾರು ಹಲಗೆ, ನಾಲ್ಕು ಕಂಬ, ನಾಲ್ಕು ಸುತ್ತು ಹಗ್ಗ. ಇಬ್ಬರು ಆಳುಗಳೊಂದಿಗೆ ಮೂರು ತಾಸಿನ ಕೆಲಸ.

ಪಟ್ಟ ಬಿಡದೆಯೇ ಹೋದವನು ಒಬ್ಬನೇ, ಎಮರಿ ಸ್ಟೋಕ್ಸ್. ೧೯೯೪ರ ನವೆಂಬರ್. ಚಾವಣಿ ಸೋರಿ ಹಾಸು ನೆನೆದಿತ್ತು. ಬದಲಿಗೆ ಇದ್ದದ್ದು ಒಂದು ತೆಳು ಹಾಸು ಮಾತ್ರ.

"ಇದು ಸಾಲೋದಿಲ್ಲ ಸ್ವಾಮಿ ಅಂದೆ. 'ಜನ ಬಾಗಿಲಲ್ಲಿ ನಿಂತಿದ್ದಾರೆ, ನೀನು ಹಾಸಯ್ಯ' ಅಂದ ಸಂಘಟಕ. ಹಾಸಿದೆ."

ಒಂಬತ್ತನೇ ಸುತ್ತಿನಲ್ಲಿ ಎಮರಿ ಅಂಗಾತ ಬಿದ್ದ. ತಲೆ ನೆಲಕ್ಕೆ ಬಡಿದ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ನಾಲ್ಕು ದಿನ ಕಣ್ಣು ಬಿಡಲಿಲ್ಲ. ಐದನೆಯ ದಿನ ತೀರಿಕೊಂಡ. ಏಟಿನಿಂದಲೇ ಸಾವು ಎಂದು ವಿಚಾರಣೆಯಲ್ಲಿ ಬರೆದುಕೊಂಡರು. ನೆಲದ ಬಗ್ಗೆ ಯಾರೂ ಕೇಳಲಿಲ್ಲ. ಬೆಲ್ಟು ತನಗೆ ಬೇಡವೆಂದ ಎದುರಾಳಿ. ಅದನ್ನು ಪೆಟ್ಟಿಗೆಯಲ್ಲಿಟ್ಟು, ಪಟ್ಟ ಖಾಲಿ ಎಂದು ಸಾರಿದರು.

ಕೇಳದಿದ್ದರೂ ಲೂಷಸ್ ಎಮರಿಯ ಹೆಂಡತಿ ವರ್ಲೀನ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು.

"ಪೂರ್ತಿ ಕೇಳಿಸ್ಕೊಂಡ್ಲು. ಆಮೇಲೆ, 'ಇದನ್ನ ನನಗ್ಯಾಕೆ ತಂದು ಕೊಡ್ತೀರಿ? ನಿಮ್ಮ ಎದೆ ಹಗುರ ಆಗ್ಲಿ ಅಂತಲಾ?' ಅಂದ್ಲು. ಬಾಗಿಲು ಹಾಕ್ಕೊಂಡ್ಲು. ಅವಳು ಹೇಳಿದ್ರಲ್ಲಿ ತಪ್ಪೇನಿದೆ?"

ಆ ಬಾಗಿಲನ್ನು ಅವರು ಮತ್ತೆ ತಟ್ಟಲಿಲ್ಲ. ಆದರೆ ಹಾಸು ಒದ್ದೆಯಾಗಿದ್ದಾಗ ಕಣ ಕಟ್ಟುವುದಿಲ್ಲವೆಂದು ಮೂರು ಸಲ ಕೈ ಕಟ್ಟಿ ಕೂತಿದ್ದಾರೆ. ಒಮ್ಮೆ ಕಾಳಗವೇ ರದ್ದಾಯಿತು. ಹೊರಗೆ ಕಾಯುತ್ತಿದ್ದ ಜನ ಅವರ ಮೇಲೆ ಬಿಯರ್ ಎರಚಿದರು. "ಬೈಯಲಿ ಬಿಡಿ. ಬೈಯೋಕೆ ಉಸಿರು ಇದೆಯಲ್ಲ."

ಎಂಟು ಗಂಟೆಗೆ ಹಾಸಿನ ಮೇಲೆ ಕ್ಯಾನ್‌ವಾಸ್ ಬಿಗಿದು ಮುಗಿಯುತ್ತದೆ. ಸಂಜೆ ಎಲ್ಲಿ ಕೂತು ನೋಡುತ್ತೀರಿ ಎಂದು ವರದಿಗೆಂದು ಬಂದ ನಾನು ಕೇಳುತ್ತೇನೆ. ಎಮರಿ ಸತ್ತ ಮೇಲೆ ಅವರು ಒಂದು ಸುತ್ತನ್ನೂ ನೋಡಿಲ್ಲವಂತೆ. ಕಾಳಗ ಮುಗಿಯುವ ತನಕ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿದ ತಮ್ಮ ಲಾರಿಯಲ್ಲಿ ಕಿಟಕಿ ಏರಿಸಿಕೊಂಡು ಕೂತಿರುತ್ತಾರೆ.

"ಯಾರು ಗೆದ್ರು ಅಂತ ನನಗೆ ಹೇಳೋದೇನೂ ಬೇಡ," ಎನ್ನುತ್ತಾರೆ ಲೂಷಸ್. "ಇಬ್ಬರೂ ತಮ್ಮ ಕಾಲ ಮೇಲೆ ನಡ್ಕೊಂಡು ಹೋದ್ರು ಅಂತ ಯಾರಾದ್ರೂ ಬಂದು ಒಂದು ಮಾತು ಹೇಳಿದ್ರೆ ಸಾಕು."