ಗಿರಾಕಿಗೆ ತೋರಿಸದ ಪುರಾವೆ

ಅವರ ಬಲಗೈ ಹೆಬ್ಬೆರಳಿನ ಉಗುರ ಸಂದಿಯಲ್ಲಿ ಯಾವಾಗಲೂ ಮೇಣ ಇರುತ್ತಿತ್ತು. ಜೇನುಮೇಣಕ್ಕೆ ರಾಳ ಸೇರಿಸಿ ಕಾಸಿದ, ತಂಬಾಕಿನ ಬಣ್ಣದ ಮೇಣ. ನಿಪ್ಪಾಣಿಯಲ್ಲಿ ಹಾರ್ಮೋನಿಯಂ, ಅಕಾರ್ಡಿಯನ್ ರಿಪೇರಿ ಮಾಡುತ್ತಿದ್ದ ಅವರನ್ನು ಎಲ್ಲರೂ ಪೇಟಿ ಮಾಸ್ತರ ಎನ್ನುತ್ತಿದ್ದರು. ಸ್ವರ ಪರೀಕ್ಷಿಸುವಾಗ ಗಿರಾಕಿಗೆ ಬೆನ್ನು ಕೊಟ್ಟು ಗೋಡೆಗೆ ಮುಖ ಮಾಡಿ ಕೂಡುವರು. ಯಾಕೆಂದರೆ, "ಮಾರಿ ನೋಡಿದರ ಕಿವಿ ಸುಳ್ಳ ಹೇಳತೈತಿ." ನನಗೆ ಆ ಬೆನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ: ಆಚೆ ಕೈ ಏನು ಮಾಡುತ್ತಿದೆ?

ನಾನಾಗ ಚಿಕ್ಕೋಡಿಯಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಯಾರು 'ಹೌದು' ಎಂದರೂ 'ಹೇಗೆ?' ಎನ್ನುವ ಚಟ ಹತ್ತಿತ್ತು. ನಮ್ಮ ಕಾಕಾ ಮದುವೆಯ ಆರ್ಕೆಸ್ಟ್ರಾದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ. ಇಟಲಿಯದು, ಮುಂಬೈಯಲ್ಲಿ ಯಾರೋ ಬಳಸಿ ಬಿಟ್ಟದ್ದು. ಅದು ಕೆಟ್ಟಾಗ ಹೊತ್ತು ನಿಪ್ಪಾಣಿಗೆ ಒಯ್ಯುವವನು ನಾನು.

ಮಾಸ್ತರರ ಬಾಯಲ್ಲಿ ಇಟಲಿ ಎಂದರೆ ಪಕ್ಕದ ತಾಲೂಕು. "ಅಲ್ಲೆ ಒಂದು ಗುಡ್ಡದ ಊರ ಐತಿ, ತಮ್ಮಾ. ಊರಿಗೂರ ಇದನ್ನ ಮಾಡತೈತಿ. ನಮ್ಮ ನಿಪ್ಪಾಣ್ಯಾಗ ಮನಿ ಮನ್ಯಾಗ ಬೀಡಿ ಕಟ್ಟತಾರಲ್ಲ, ಹಂಗ. ಅಪ್ಪ ರೀಡ ಕೆರೀತಾನ, ಅವ್ವ ತಿದಿಗೆ ಚರ್ಮ ಹಚ್ಚತಾಳ."

"ನೀವು ನೋಡೀರೇನ್ರಿ?"

"ನಾ ಎಲ್ಲಿ ನೋಡ್ಲಿ? ನಮ್ಮ ಉಸ್ತಾದ ಮುಂಬೈ ಬಂದರದಾಗ ಇಟಲಿ ಹಡಗಿನಾಂವನ ಕೂಡ ಕಲತಾಂವ." ಆಮೇಲೆ ದನಿ ತಗ್ಗಿಸಿ, "ರೀಡ ಕೂಡ್ಸಿದ ಮರದ ಪಟ್ಟಿ ಇರತೈತಲ್ಲ, ಅದರ ಅಡಿಗೆ ಆ ಮಂದಿ ಪೆನ್ಸಿಲ್ಲೆ ಬರದಿರತಾರ. ಮುಂದ ರಿಪೇರಿ ಮಾಡಾಂವಗ."

"ತೋರಸ್ರಿ."

"ಗಿರಾಕಿಗಲ್ಲ ಅದು."

ಹೇಳಿದ್ದೆಲ್ಲ ಯಾರಿಂದಲೋ ಕೇಳಿದ ಮಾತು, ಪುರಾವೆ ಕಣ್ಣಿಗೆ ಬೀಳದ ಜಾಗದಲ್ಲಿ! ಇದರ ಮೇಲೆ ಬ್ಯಾಂಡಿನವರ ನಡುವೆ ಒಂದು ಗುಸುಗುಸು: ಮಾಸ್ತರ ಇಟಲಿ ರೀಡು ತೆಗೆದು ಸಾದಾ ರೀಡು ಹಾಕುತ್ತಾನಂತೆ. ರೀಡು ಎಂದರೆ ಗಾಳಿಗೆ ನಡುಗಿ ದನಿ ಕೊಡುವ ಉಕ್ಕಿನ ತೆಳು ನಾಲಿಗೆ. ಅದೇ ಹೋದರೆ ಅಕಾರ್ಡಿಯನ್ ಬರೀ ಡಬ್ಬಿ.

ಮುಂದಿನ ಸಲ ಗಾಳಿ ಒತ್ತುವ ತಿದಿ ಸೋರಿದಾಗ ಕಾಕಾನಿಗೆ ತಿಳಿಯದಂತೆ ಪೆಟ್ಟಿಗೆ ಬಿಚ್ಚಿದೆ. ಕಂಪಾಸಿನ ಮೊನೆಯಿಂದ ಮೂರು ರೀಡುಗಳ ಬುಡದಲ್ಲಿ ಗೀರಿ ಗುರುತು ಮಾಡಿ ಮಾಸ್ತರರಿಗೆ ಕೊಟ್ಟೆ. ವಾರದ ಮೇಲೆ ತಂದು ಮತ್ತೆ ಬಿಚ್ಚಿದರೆ ಮೂರೂ ನುಣ್ಣಗೆ ಹೊಳೆಯುತ್ತಿದ್ದವು. ಗೀರು ಇಲ್ಲ.

ಮರುದಿನವೇ ಹೊತ್ತುಕೊಂಡು ಹೋದೆ. ಅಂಗಡಿಯಲ್ಲಿ ಕೊಗನೊಳ್ಳಿಯ ಭಜನಿಯವರೊಬ್ಬರು, ಸದಲಗಾದ ಬ್ಯಾಂಡಿನವನೊಬ್ಬ ಕೂತಿದ್ದರು. ಒಳ್ಳೆಯದೇ ಆಯಿತು, ಸಭಿಕರು ಸಿಕ್ಕರು ಅಂದುಕೊಂಡೆ.

"ಮಾಸ್ತರ, ಮೂರು ರೀಡ ಬದಲಿ ಆಗ್ಯಾವು. ಬುಡಕ ಗೀರಿ ಕೊಟ್ಟಿದ್ದೆ. ಈಗ ಗೀರಿಲ್ಲ."

ಅವರು ಅಕಾರ್ಡಿಯನ್ ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ತಿರುಗಿ, ಮೂರು ಕೀ ಒತ್ತಿದರು. "ಇದು. ಇದು. ಮತ್ತ ಇದು. ಹೌದಿಲ್ಲೋ?"

ಮೂರೂ ಸರಿ. ಆದರೆ ನನ್ನ ಬಾಯಿ ತಯಾರಿತ್ತು: "ಕದ್ದಾಂವಗೂ ಯಾವ ಮೂರು ಅಂತ ಗೊತ್ತಿರತೈತ್ರಿ."

"ಏ, ಹುಡುಗ ವಕೀಲ ಆಗತಾನ್ರೀ!" ಎಂದು ಸದಲಗಾದವನು ತೊಡೆ ತಟ್ಟಿ ನಕ್ಕ.

ಮಾಸ್ತರ ನಗಲಿಲ್ಲ. "ಬುಡಕ ಗೀರಿದರ ಸ್ವರ ಇಳೀತೈತಿ, ತಮ್ಮಾ. ಇವು ಮೂರ ಯಾಕ ಇಳದಾವಂತ ಎರಡ ದಿನ ತಲಿ ಕೆಡಿಸಿಕೊಂಡೆ. ಗೀರು ಉಜ್ಜಿ, ತುದಿ ಕೆರದು ಏರಿಸೀನಿ."

"ಪುರಾವೆ?"

"ಐತಿ. ಗಿರಾಕಿಗೆ ತೋರ್ಸೂದಲ್ಲ."

"ತೋರಿಸದ ಪುರಾವೆ ಪುರಾವೆ ಅಲ್ರಿ" ಎಂದು ಅಕಾರ್ಡಿಯನ್ ಎತ್ತಿಕೊಂಡು ಬಸ್ಸು ಹತ್ತಿದೆ. ಅದು ಮತ್ತೆ ಅವರ ಅಂಗಡಿಯ ಮೆಟ್ಟಿಲು ಏರಲಿಲ್ಲ.

ನನ್ನ ಮಾತು ನನಗಿಂತ ಬೇಗ ಊರು ಸುತ್ತಿತು. ರಾಯಬಾಗ, ಅಥಣಿ ಕಡೆಯ ಬ್ಯಾಂಡಿನವರೂ ಕೊಲ್ಹಾಪುರದ ದಾರಿ ಹಿಡಿದರು. "ಬಾಯಿ ಐತೆಂತ ಒದರಬ್ಯಾಡಲೇ" ಎಂದ ಕಾಕಾ ಕೂಡ ಆ ಅಂಗಡಿಯತ್ತ ಹೋಗಲು ನಾಚಿದ. ಒಮ್ಮೆ ಬಸ್ಸಿನ ಕಿಟಕಿಯಿಂದ ಕಂಡೆ. ಮಾಸ್ತರ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಬೆನ್ನು ಕೊಡಲು ಗಿರಾಕಿಯೇ ಇರಲಿಲ್ಲ. ನಾಲ್ಕು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಮೊನ್ನೆ ತಿದಿ ಪೂರ್ತಿ ಹರಿದು, ಅಕಾರ್ಡಿಯನ್ ಕೊಲ್ಹಾಪುರಕ್ಕೆ ಒಯ್ದಿದ್ದೆ. ಅಲ್ಲಿಯ ರಿಪೇರಿ ಕಾರಾಗೀರ ಸ್ವರವನ್ನೂ ಸರಿಮಾಡಲೆಂದು ಮರದ ಪಟ್ಟಿ ಕಿತ್ತು, ಮಗುಚಿ, ಬೆಳಕಿಗೆ ಹಿಡಿದ. ಅಡಿಯಲ್ಲಿ ಪೆನ್ಸಿಲ್ ಬರಹ, ಎರಡು ಕೈಯದು. ಒಂದು ಮಾಸಿದ, ಬಳುಕು ಇಂಗ್ಲಿಷ್ ಅಕ್ಷರದ ಯಾವುದೋ ಹೆಸರು. ಅದರ ಕೆಳಗಿನದು ಕನ್ನಡ. ಅವನಿಗೆ ಕನ್ನಡ ಬಾರದು. "ಏನು ಬರೆದಿದೆ ಓದಿ ಹೇಳಿ" ಎಂದು ಮರಾಠಿಯಲ್ಲಿ ಕೇಳಿದ.

"ಮೂರು ರೀಡಿನ ಬುಡಕ ಗೀರು ಬಿದ್ದಿತ್ತು. ತುದಿ ಕೆರೆದು ಏರಿಸೀನಿ. ಮತ್ತ ಕೆರೀಬ್ಯಾಡ್ರಿ, ಮುರೀತಾವು."

ಯಾವಾಗ ಬರೆದದ್ದು? ನಾನು ಜಗಳವಾಡಿ ಬಂದ ಮೇಲೆ ಅಕಾರ್ಡಿಯನ್ ಅವರ ಕೈಗೆ ಹೋಗಿಯೇ ಇರಲಿಲ್ಲ. ತರ್ಕ ನನ್ನದೇ, ತಪ್ಪಿಸಿಕೊಳ್ಳಲು ಸಂದಿಯೇ ಇರಲಿಲ್ಲ. ಆ ದಿನ ನಾನು ಅಂಗಡಿಯಲ್ಲಿ ನಿಂತು 'ಪುರಾವೆ?' ಎಂದಾಗ ಆ ಬರಹ ಅವರ ತೊಡೆಯ ಮೇಲೆಯೇ ಇತ್ತು.

ಒಂದೊಂದೇ ಪದ ಮರಾಠಿಗೆ ತಿರುಗಿಸಿ ಹೇಳಿದೆ. ಅವರ ಸಾಕ್ಷಿಯನ್ನು ಕೊನೆಗೂ ನನ್ನ ಬಾಯಿಂದಲೇ ನುಡಿಸಿದಂತಾಯಿತು. ಕಾರಾಗೀರ ತಲೆದೂಗಿ, ಕೆರೆಯಲು ಹಿಡಿದಿದ್ದ ಅರ ಕೆಳಗಿಟ್ಟ.

"ಭಾರೀ ಕೈ ಇವರದು. ಗೀರಿದವನು ಯಾವ ಮೂರ್ಖ?"

"ನಾನು" ಎಂದೆ.